ಮೂರು ಸಾವಿರದ ಕೆಳಗೆ

ಒಂಬತ್ತನೆಯ ತಿರುವಿನ ನಡುವೆ ಸ್ಟೀರಿಂಗ್ ಕಲ್ಲಾಯಿತು.

ಮೊದಲರ್ಧ ಸುತ್ತು ಬೆಣ್ಣೆಯೊಳಗಿನ ಕೂದಲಿನ ಹಾಗೆ ಬಂದಿತ್ತು. ಉಳಿದರ್ಧಕ್ಕೆ ಯಾರೋ ಕೆಳಗಿನಿಂದ ಅವುಚಿ ಹಿಡಿದುಕೊಂಡರು ಅನ್ನಿಸಿತು. ರಲಿತ್ಸಾ ಬಲಗೈಯಲ್ಲೇ ಎಳೆದಳು. ಇಳಿಜಾರಿನಲ್ಲಿ ಉರುಳುತ್ತಿದ್ದ ಕಾರು ತಿರುಗಲಿಲ್ಲ. ಬ್ರೇಕು ಒತ್ತುವ ಹೊತ್ತಿಗೆ ಚಕ್ರಗಳು ಆಗಲೇ ರಸ್ತೆಯಂಚಿನ ಜಲ್ಲಿಯ ಮೇಲಿದ್ದವು. ಕಾರು ಜಾರಿಕೊಂಡು ಹೋಗಿ ಮಣ್ಣಿನ ದಿಬ್ಬಕ್ಕೆ ಮೂತಿ ಒತ್ತಿ ನಿಂತಿತು. ಬುಡದಿಂದ ಎಣಿಸುವ ಆ ಬೆಟ್ಟದ ಹನ್ನೊಂದು ತಿರುವುಗಳಲ್ಲಿ ಹೊರಮಗ್ಗುಲಿಗೆ ದಿಬ್ಬವಿರುವುದು ಅದೊಂದಕ್ಕೇ. ಅದಕ್ಕೇ ಅವಳು ಅದನ್ನು ಆರಿಸಿಕೊಂಡಿದ್ದಳು.

ಪಕ್ಕದಲ್ಲಿ ಕೂತಿದ್ದ ಝಿವ್ಕೊನ ತೊಡೆಯ ಮೇಲೆ ಸತ್ತವರ ಪ್ರಾರ್ಥನೆಗೆಂದು ಬೇಯಿಸಿದ ಗೋಧಿಯ ಬೋಗುಣಿ ಇತ್ತು. ಮೇಲೆ ದಪ್ಪಗೆ ಹರವಿದ್ದ ಸಕ್ಕರೆಪುಡಿ ಅವನ ಕಪ್ಪು ಕೋಟಿನ ಮೇಲೆಲ್ಲ ಚೆಲ್ಲಿತು.

"ಎರಡೂ ಕೈ ಹಾಕು ಅಂತ ಬಡ್ಕೊಂಡೆ," ಅಂದ. "ಹುಚ್ಚೇನೇ ನಿಂಗೆ? ಗಂಡನ ಆರು ತಿಂಗಳ ದಿನಾನೇ ನೀನೂ ಹೊರಟೆಯಾ? ಜೊತೆಗೆ ನನ್ನೂ ಕರ್ಕೊಂಡು?"

ರಲಿತ್ಸಾ ಎಡಗಡೆಯ ಓಡಿಸುವವರ ಕಿಟಕಿಯಿಂದ ಹೊರಗಿಟ್ಟಿದ್ದ ಎಡಗೈಯನ್ನು ಒಳಗೆ ತಂದುಕೊಂಡಳು. ಮಾರ್ಚ್ ತಿಂಗಳ ಗಾಳಿಗೆ ಬೆರಳು ಮರಗಟ್ಟಿದ್ದವು. ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ಎಂಟುನೂರರಲ್ಲಿ ಅಲುಗುತ್ತಿತ್ತು.

"ನಾನು ಇಪ್ಪತ್ತರ ವೇಗದಲ್ಲಿದ್ದೆ," ಅಂದಳು. "ಅವನು ಮೂವತ್ತರಲ್ಲಿದ್ದ."

ಝಿವ್ಕೊ ಕೋಟಿನ ಮೇಲಿನ ಸಕ್ಕರೆಯನ್ನು ಅಂಗೈಯಲ್ಲಿ ಬಳಿದು ಬೋಗುಣಿಗೇ ಹಾಕತೊಡಗಿದ.

ಕಾರು ಅವನದು. ರಲಿತ್ಸಾಳ ಗಂಡ ಲ್ಯುಬೆನ್‌ನ ಜೊತೆ ಓಟಕ್ಕಿಳಿಯುತ್ತಿದ್ದ ಗೆಳೆಯ ಅವನು. ಲ್ಯುಬೆನ್‌ನ ಕಾರಿಗಿದ್ದ ಪುಲ್ಲಿಯಂಥದೇ ಪುಲ್ಲಿ, ಬೆಲ್ಟು ಓಡಿಸುವ ಗಾಲಿ, ಅದರಲ್ಲೂ ಇತ್ತು. ಎರಡೂ ಒಂದೇ ಅಲ್ಯುಮಿನಿಯಂ ತುಂಡಿನಿಂದ ಬಂದವು. ಹೋದ ವರ್ಷ ಪಟ್ಟಣದ ಪಂಪು ಕಾರ್ಖಾನೆ ಬಾಗಿಲು ಹಾಕುವ ವಾರ, ಲ್ಯುಬೆನ್ ಹದಿನಾಲ್ಕು ವರ್ಷ ನಿಂತು ಕೆಲಸ ಮಾಡಿದ ಲೇತಿನಲ್ಲೇ ಅವನ್ನು ಕಡೆದಿದ್ದ. ನಕ್ಷೆ ರಲಿತ್ಸಾಳದು. ಅವಳು ರಾಜಧಾನಿಯಲ್ಲಿ ಇಂಜಿನಿಯರಿಂಗ್ ಓದಿ ಬಂದು ಪಟ್ಟಣದ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಬೆಟ್ಟ ಹತ್ತುವ ಕಾರಿನ ಓಟದ ಗಂಡಸರೆಲ್ಲ ಅವಳನ್ನು ಇಂಜಿನಿಯರಮ್ಮ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಕುಚೋದ್ಯ, ಅರ್ಧ ಮರ್ಯಾದೆ.

ಲ್ಯುಬೆನ್‌ಗೆ ಪವರ್ ಸ್ಟೀರಿಂಗನ್ನೇ ಕಿತ್ತುಹಾಕುವ ಮನಸ್ಸಿತ್ತು. ಅದರ ಪಂಪನ್ನು ತಿರುಗಿಸುವುದಕ್ಕೆ ಇಂಜಿನ್ನಿನ ಶಕ್ತಿ ಸೋರಿಹೋಗುತ್ತದೆ, ಏರಿನಲ್ಲಿ ಒಂದೊಂದು ಸೆಕೆಂಡೂ ಬೇಕು ಅನ್ನುತ್ತಿದ್ದ. ರಲಿತ್ಸಾ ಬೇಡ ಅಂದಿದ್ದಳು. ಕಾರ್ಖಾನೆಯಲ್ಲಿ ಕಬ್ಬಿಣದ ಅಚ್ಚು ಬಿದ್ದು ಅವನ ಬಲಭುಜ ಒಮ್ಮೆ ಕಳಚಿತ್ತು. ಕೂಡಿಕೊಂಡಿದ್ದರೂ ಚಳಿಗಾಲದಲ್ಲಿ ಅವನು ಅಂಗಿ ತೊಡುವಾಗ ಹಲ್ಲು ಕಚ್ಚುವುದನ್ನು ಅವಳು ನೋಡುತ್ತಿದ್ದಳು. "ಪಂಪು ಇರಲಿ, ಅದನ್ನ ನಿಧಾನ ಮಾಡೋಣ," ಅಂದಳು. ಇಂಜಿನ್ನಿನ ಮೂತಿಯಲ್ಲಿರುವ ಪುಲ್ಲಿಯನ್ನು ಚಿಕ್ಕದು ಮಾಡಿದರೆ ಬೆಲ್ಟು ನಿಧಾನವಾಗಿ ಓಡುತ್ತದೆ, ಪಂಪೂ ನಿಧಾನವಾಗಿ ಸುತ್ತುತ್ತದೆ, ಉಳಿದ ಶಕ್ತಿ ಚಕ್ರಕ್ಕೆ ಸಿಗುತ್ತದೆ. ನೂರೈವತ್ತು ಮಿಲಿಮೀಟರಿನ ಜಾಗಕ್ಕೆ ನೂರಹತ್ತು. ನೋಟುಪುಸ್ತಕದಲ್ಲಿ ಕೋಷ್ಟಕ ಹಾಕಿ, ಯಾವ ವೇಗಕ್ಕೆ ಪಂಪು ಎಷ್ಟು ಎಣ್ಣೆ ತಳ್ಳುತ್ತದೆ ಎಂದು ಸಾಲುಸಾಲಾಗಿ ಬರೆದಳು. ನಿಮಿಷಕ್ಕೆ ಏಳು ಸಾವಿರ ಸುತ್ತಿನಿಂದ ಶುರುವಾಗಿ ಐನೂರೈನೂರೇ ಇಳಿದ ಕೋಷ್ಟಕ ಮೂರು ಸಾವಿರಕ್ಕೆ ಮುಗಿದಿತ್ತು. ಬೆಟ್ಟ ಏರುವಾಗ ಯಾರ ಇಂಜಿನ್ನೂ ಮೂರು ಸಾವಿರಕ್ಕಿಂತ ಕೆಳಗೆ ಬರುವುದಿಲ್ಲ.

ಪುಲ್ಲಿ ಹಾಕಿದ ದಿನ ಲ್ಯುಬೆನ್ ಕಾರನ್ನು ಕೊಟ್ಟಿಗೆಯಿಂದ ಹಿಂದಕ್ಕೆ ತೆಗೆಯುತ್ತ ಮುಖ ಕಿವಿಚಿದ್ದ.

"ಏನೇ ಇದು, ಹಠ ಹಿಡಿದ ಕತ್ತೆಯ ಕತ್ತು ತಿರುಗಿಸಿದ ಹಾಗಿದೆ."

"ಬೆಟ್ಟದ ಮೇಲೆ ನೀನೇನು ಕಾರು ನಿಲ್ಲಿಸೋಕೆ ಹೋಗ್ತೀಯಾ? ಒತ್ತು, ಹಗುರಾಗುತ್ತೆ."

ಅವನು ಆಕ್ಸಿಲರೇಟರ್ ಒತ್ತಿದ. ಹಗುರಾಯಿತು. ಅವನು ನಕ್ಕ. ಆ ರಾತ್ರಿ ಊಟದ ಮೇಜಿನ ಮೇಲಿದ್ದ ನೋಟುಪುಸ್ತಕದಲ್ಲಿ, ಕೊನೆಯ ಸಾಲಿನ ಕೆಳಗೆ, ಪೆನ್ಸಿಲಿನಲ್ಲಿ 'ಇಳಿಯುವಾಗ?' ಎಂದು ಬರೆದ. ಅವಳು ಓದಿ, ತಟ್ಟೆ ತೊಳೆಯುತ್ತಲೇ ನಕ್ಕು, "ಇಳಿಯುವಾಗ ಯಾರಪ್ಪಾ ಗಡಿಯಾರ ಹಿಡ್ಕೊಂಡು ನಿಂತಿರ್ತಾರೆ?" ಅಂದಳು.

ಅದು ಜುಲೈ. ಓಟ ಸೆಪ್ಟೆಂಬರಿನಲ್ಲಿ.

"ನಿನಗೆ ಗೊತ್ತಿತ್ತಾ?" ಎಂದು ಈಗ ಝಿವ್ಕೊನನ್ನು ಕೇಳಿದಳು.

"ಭಾರ ಅಂತ ಗೊತ್ತಿತ್ತು." ಅವನು ದಿಬ್ಬವನ್ನೇ ನೋಡುತ್ತಿದ್ದ. "ಅವತ್ತು ಇಳಿಯುವಾಗ ನಂಗೂ ಎರಡು ಕಡೆ ಹೀಗೇ ಕಚ್ಕೊಂಡಿತ್ತು. ಆದ್ರೆ ನಾನು ಎರಡೂ ಕೈಯಲ್ಲಿ ಹಿಡಿದಿದ್ದೆ."

"ಎಲ್ರೂ ಒಂದು ಕೈ ಹೊರಗಿಟ್ಟಿರ್ತಾರೆ."

"ಹತ್ತೊಂಬತ್ತನೇ ಸ್ಥಾನದೋನ ಕೈಗೆ ಯಾರು ಕೈ ಕೊಡ್ತಾರೆ, ರಲೀ?"

ಅವನು ನಗಲು ನೋಡಿದ. ಆಗಲಿಲ್ಲ.

ಓಟ ಮುಗಿದ ಮೇಲೆ ಕಾರುಗಳೆಲ್ಲ ಸಾಲಾಗಿ ಕೆಳಗಿಳಿಯುತ್ತವೆ. ಏರುವಾಗ ಬೆಂದ ಇಂಜಿನ್ನನ್ನು ಇಳಿಯುವಾಗ ತಣಿಸಬೇಕೆಂದು ಎಲ್ಲರೂ ಗೇರು ಬಿಡಿಸಿ ಸುಮ್ಮನೆ ಉರುಳಲು ಬಿಡುತ್ತಾರೆ. ಜನ ರಸ್ತೆಯ ಎರಡೂ ಬದಿ ನಿಂತಿರುತ್ತಾರೆ. ಓಡಿಸುವವರು ಎಡಗೈ ಹೊರಗೆ ಚಾಚುತ್ತಾರೆ, ಜನ ಆ ಅಂಗೈಗೆ ಪಟಪಟನೆ ಹೊಡೆಯುತ್ತಾರೆ. ಕೈ ಚಾಚದಿದ್ದವನು ಸೊಕ್ಕಿನವನು. ಹನ್ನೆರಡು ವರ್ಷ ಆ ಬೆಟ್ಟ ಹತ್ತಿದ ಲ್ಯುಬೆನ್ ಅವತ್ತು ಮೊದಲ ಸಲ ಮೂರನೆಯವನಾಗಿ ಬಂದಿದ್ದ. ಜನ ಅವನ ಕೈ ಬಿಡಲಿಲ್ಲ. ನಾಲ್ಕನೆಯ ತಿರುವಿನಲ್ಲಿ, ತಡೆಕಂಬಗಳು ಉದುರಿಹೋದ ಕಡೆ, ಅವನ ಕಾರು ತಿರುಗದೆ ನೇರ ಹೋಯಿತು. ಕೆಳಗೆ ನಲವತ್ತು ಮೀಟರು ಬಂಡೆ.

ಪರೀಕ್ಷಿಸಿದವರು ಯಂತ್ರದಲ್ಲಿ ದೋಷವಿಲ್ಲ ಎಂದು ಬರೆದುಕೊಟ್ಟರು. ಬೆಲ್ಟು ಜಾಗದಲ್ಲಿತ್ತು, ಬ್ರೇಕು ಸರಿಯಾಗಿತ್ತು, ರಕ್ತದಲ್ಲಿ ಸಾರಾಯಿ ಇರಲಿಲ್ಲ. ರಸ್ತೆಯ ಮೇಲೆ ಬ್ರೇಕು ಹಾಕಿದ ಗುರುತಿರಲಿಲ್ಲ. ಉಳಿದದ್ದನ್ನು ಊರು ತುಂಬಿಕೊಂಡಿತು. ಮೂವತ್ತರ ವೇಗದಲ್ಲಿ, ಕಣ್ಣು ಕಟ್ಟಿದರೂ ಇಳಿಯಬಲ್ಲ ದಾರಿಯಲ್ಲಿ, ಲ್ಯುಬೆನ್‌ನಂಥವನು ತಿರುವು ತಪ್ಪುತ್ತಾನೆಯೇ? ಕೆಲಸ ಹೋಗಿತ್ತು. ಬೇಸಿಗೆಯೆಲ್ಲ ಮಾತಿಲ್ಲದೆ ಓಡಾಡಿದ್ದ. ಜನರ ಸಾಲಿನ ಕೊನೆಗೆ ನಿಂತಿದ್ದ ಅವನ ತಾಯಿಯ ನೆರೆಯವಳು ಗಿನಾ, "ಜನ ಮುಗಿದ ಮೇಲೂ ಅವನ ಕೈ ಹೊರಗೇ ಇತ್ತು, ಹೋಗಿಬರ್ತೀನಿ ಅಂದ ಹಾಗಿತ್ತು," ಅಂದಳು. ಅಂದದ್ದು ಒಂದೇ ಸಲವಲ್ಲ.

ಹೋದ ವಾರ ಅತ್ತೆ ಮಿಂಕಾ ಫೋನು ಮಾಡಿದ್ದಳು. ಆರು ತಿಂಗಳ ಪ್ರಾರ್ಥನೆಗೆ ಗೋಧಿ ಯಾರು ಬೇಯಿಸುವುದು, ಬಾಗಿಲಿಗೆ ಅಂಟಿಸುವ ಸಾವಿನ ಕಾಗದಕ್ಕೆ ಯಾವ ಫೋಟೋ ಎಂದೆಲ್ಲ ಕೇಳಿ, ಕೊನೆಗೆ ದನಿ ಇಳಿಸಿ, "ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಗಿತ್ತೇನಮ್ಮಾ?" ಅಂದಳು. "ಇದ್ರೆ ಹೇಳ್ಬಿಡು. ಬೈಯಲ್ಲ. ತಾವಾಗೇ ಸತ್ತೋರ ಹೆಸರನ್ನ ಪಾದ್ರಿ ಪ್ರಾರ್ಥನೇಲಿ ಓದಬಾರದಂತೆ. ನಾನು ಪಾದ್ರಿಗೆ ಸುಳ್ಳು ಹೇಳಿ ಓದಿಸ್ತಾ ಇದೀನೇನೋ ಅಂತ ನಿದ್ದೆ ಬರಲ್ಲ."

ಏನೂ ಆಗಿರಲಿಲ್ಲ ಎಂದು ರಲಿತ್ಸಾ ಹೇಳಿದಳು. ಫೋನಿಟ್ಟಳು. ಆಮೇಲೆ ಅವನ ಕೈಬರಹ ಎಲ್ಲಾದರೂ ಏನಾದರೂ ಹೇಳೀತೇ ಎಂದು ಮನೆಯ ಕಾಗದಗಳನ್ನೆಲ್ಲ ತೆಗೆದಳು. ಎರಡನೆಯ ದಿನ ನೋಟುಪುಸ್ತಕ ಸಿಕ್ಕಿತು. 'ಇಳಿಯುವಾಗ?' ಅದರ ಕೆಳಗೆ ಅವಳು, ಗೇರು ಬಿಡಿಸಿ ಉರುಳುವಾಗಿನ ಎಂಟುನೂರು ಸುತ್ತಿನ ಸಾಲು ಬರೆದಳು. ಲೆಕ್ಕಕ್ಕೆ ನಾಲ್ಕು ನಿಮಿಷ ಹಿಡಿಯಿತು. ಆದರೂ ಕೈಯಾರೆ ನೋಡದೆ ನಂಬುವುದು ಬೇಡ ಅನ್ನಿಸಿತ್ತು.

ದಿಬ್ಬದ ಬಳಿ ಝಿವ್ಕೊ ಅವಳೊಡನೆ ಜಾಗ ಬದಲಿಸಿದ. ಬೋಗುಣಿ ಈಗ ಅವಳ ತೊಡೆಯ ಮೇಲೆ. ಅವನು ಕಾರನ್ನು ಹಿಂದಕ್ಕೆ ತೆಗೆದು, ಎರಡನೆಯ ಗೇರಿನಲ್ಲೇ, ಇಂಜಿನ್ ಗೊರಗೊರ ಅನ್ನುತ್ತಿದ್ದಂತೆ ಇಳಿಸತೊಡಗಿದ.

"ನಾಳೇನೇ ಹಳೇ ಪುಲ್ಲಿ ಹಾಕಿಸು," ಅಂದಳು.

"ಇವತ್ತೇ ಹಾಕ್ತೀನಿ." ಎರಡು ತಿರುವು ಇಳಿಸಿ, "ಮಿಂಕಮ್ಮನಿಗೆ ಹೇಳೋಕೆ ಹೋಗ್ಬೇಡ," ಅಂದ.

"ಅವಳು ತನ್ನ ಮಗ ತಾನಾಗಿ ಸತ್ತ ಅಂದ್ಕೊಂಡಿದಾಳೆ."

"ಅಂದ್ಕೊಳ್ಳಲಿ. ಅವಳಿಗೆ ಇನ್ನು ಉಳಿದಿರೋದು ನೀನೊಬ್ಳೇ. ಅದನ್ನೂ ಕಿತ್ಕೊಂಡು ಏನು ಕೊಡ್ತೀಯಾ? ಒಂದು ಪುಲ್ಲೀನಾ?" ಅವನು ಗೇರಿನ ಕೋಲನ್ನು ಸುಮ್ಮನೆ ಮುಟ್ಟಿದ. "ಮತ್ತೆ ನಾನೂ ಇದ್ದೀನಲ್ಲ ಇದ್ರಲ್ಲಿ. ಭಾರ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇಂಜಿನಿಯರಮ್ಮ ಲೆಕ್ಕ ಹಾಕಿದಾಳೆ, ನಾನ್ಯಾವ ಗಿಡದ ತಪ್ಪಲು ಅಂತ."

ನಾಲ್ಕನೆಯ ತಿರುವು ಬಂತು. ಹೊಸ ತಡೆಕಂಬಗಳಲ್ಲೊಂದಕ್ಕೆ ಯಾರೋ ಪ್ಲಾಸ್ಟಿಕ್ ಹೂವು ಕಟ್ಟಿದ್ದರು. ಚಳಿಗಾಲ ಅದರ ಬಣ್ಣ ತಿಂದಿತ್ತು. ಇಬ್ಬರೂ ಆ ಕಡೆ ನೋಡಲಿಲ್ಲ.

ಮಿಂಕಾಳ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಮೇಜಿನ ತುಂಬ ದುಂಡಗಿನ ರೊಟ್ಟಿಗಳು, ಪ್ಲಾಸ್ಟಿಕ್ ಲೋಟಗಳು, ಹಳದಿ ಮೇಣದಬತ್ತಿಯ ಕಟ್ಟು. ಆರು ತಿಂಗಳಲ್ಲಿ ಅವಳ ಕಪ್ಪು ನಿಲುವಂಗಿ ತೋಳಿನಲ್ಲಿ ಸಡಿಲವಾಗಿತ್ತು.

"ಪಾದ್ರಿ ಎರಡು ಸಲ ಹೇಳಿ ಕಳ್ಸಿದ್ರು. ಎಲ್ಲಿಗೆ ಹೋಗಿದ್ರಿ?" ಬೋಗುಣಿಯ ಮುಚ್ಚಳ ತೆಗೆದು ನೋಡಿದಳು. "ಇದೇನಿದು, ಇಲಿ ಓಡಾಡಿದ ಹಾಗಿದೆ. ಸ್ವಾಮಿ ಮುಂದೆ ಇಡೋ ಗೋಧಿನಾ ಇದು? ಝಿವ್ಕೊ, ನಿನ್ನ ಕೋಟೇನು, ಹಿಟ್ಟಿನ ಗಿರಣಿಯಿಂದ ಬಂದೆಯಾ?"

ಸಕ್ಕರೆಪುಡಿಯ ಡಬ್ಬಿ, ಜರಡಿ ತೆಗೆದಳು. ಗೋಧಿಯನ್ನು ಚಮಚದ ಬೆನ್ನಿನಿಂದ ಮಟ್ಟಮಾಡಿ ಮೇಲೆ ಹೊಸದಾಗಿ ಸಕ್ಕರೆ ಜರಡಿಯಾಡಿಸತೊಡಗಿದಳು.

"ಅತ್ತೆ, ಅವನು ತಾನಾಗಿ ಹೋಗಲಿಲ್ಲ," ಅಂದಳು ರಲಿತ್ಸಾ.

ಜರಡಿ ನಿಲ್ಲಲಿಲ್ಲ. "ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಈಗ ನಾನೇ ನೋಡಿ ಬಂದೆ."

ನೋಟುಪುಸ್ತಕವನ್ನು ಚೀಲದಿಂದ ತೆಗೆದು ರೊಟ್ಟಿಗಳ ಪಕ್ಕ ಬಿಚ್ಚಿಟ್ಟಳು. ಮಿಂಕಾ ಅದರತ್ತ ಬಗ್ಗಿ, ಮತ್ತೆ ನೇರವಾದಳು.

"ಕನ್ನಡಕ ಆಚೆ ಕೋಣೇಲಿದೆ. ಬಾಯಲ್ಲೇ ಹೇಳು."

ರಲಿತ್ಸಾ ಅಡುಗೆಮನೆಯ ಸುತ್ತ ನೋಡಿದಳು. ಕಿಟಕಿಯ ಕೆಳಗೆ, ಹೂಕುಂಡದ ಭಾರ ಹೊತ್ತು, ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಯಂತ್ರವಿತ್ತು.

"ನಿಮ್ಮ ಯಂತ್ರದ ಕೆಳಗೆ ದೊಡ್ಡ ಚಕ್ರ ಇದೆಯಲ್ಲ, ಅದರಿಂದ ಮೇಲಿನ ಚಿಕ್ಕ ಚಕ್ರಕ್ಕೆ ಪಟ್ಟಿ ಹೋಗುತ್ತೆ. ಕೆಳಗಿನ ದೊಡ್ಡದನ್ನ ಚಿಕ್ಕದು ಮಾಡಿದ್ರೆ ಏನಾಗುತ್ತೆ?"

"ಸೂಜಿ ನಿಧಾನ ಆಗುತ್ತೆ."

"ಜೋರಾಗಿ ತುಳೀತಾ ಇದ್ರೆ?"

"ಗೊತ್ತಾಗಲ್ಲ. ನಿಧಾನ ತುಳಿದ್ರೆ ದಪ್ಪ ಬಟ್ಟೇಲಿ ಸೂಜಿ ಕಚ್ಕೊಂಡು ನಿಂತುಬಿಡುತ್ತೆ. ಅಷ್ಟೂ ತಿಳೀದೇನು, ನಲವತ್ತು ವರ್ಷ ಹೊಲಿದಿದೀನಿ." ಮಿಂಕಾ ಜರಡಿಯ ಅಂಚನ್ನು ಬೆರಳಿನಿಂದ ತಟ್ಟಿದಳು. "ಯಾಕೆ?"

ರಲಿತ್ಸಾ ಹೇಳಿದಳು. ಪುಲ್ಲಿ, ಬೆಲ್ಟು, ಪಂಪು. ಸ್ಟೀರಿಂಗನ್ನು ಹಗುರ ಮಾಡುವುದು ಆ ಪಂಪು ತಳ್ಳುವ ಎಣ್ಣೆ. ಏರುವಾಗ ಇಂಜಿನ್ ಜೋರಾಗಿ ಸುತ್ತುತ್ತದೆ, ಗೊತ್ತಾಗುವುದಿಲ್ಲ. ಇಳಿಯುವಾಗ ಸುಮ್ಮನೆ ಉಸಿರಾಡುತ್ತಿರುತ್ತದೆ. ಆಗ ತಟ್ಟನೆ ತಿರುಗಿಸಿದರೆ ಪಂಪಿಗೆ ಎಟುಕುವುದಿಲ್ಲ, ಸ್ಟೀರಿಂಗ್ ಕಚ್ಚಿಕೊಳ್ಳುತ್ತದೆ. ಎಡಗೈ ಜನರ ಕೈಯಲ್ಲಿತ್ತು. ಸ್ಟೀರಿಂಗಿನ ಮೇಲಿದ್ದದ್ದು ಬಲಗೈ ಒಂದೇ. ದನಿ ಏರದಂತೆ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಬೇರೆ ರೀತಿ ಹೇಳುವುದು ಅವಳಿಗೆ ಆ ಆರು ತಿಂಗಳಲ್ಲಿ ಮರೆತುಹೋಗಿತ್ತು.

"ಚಿಕ್ಕದು ಮಾಡಿದ್ದು ಯಾರು?" ಅಂದಳು ಮಿಂಕಾ.

"ಕಡೆದದ್ದು ಲ್ಯುಬೆನ್. ಲೆಕ್ಕ ನನ್ನದು."

"ಮಿಂಕಮ್ಮ, ನಾವೆಲ್ಲ ಸೇರಿ ಮಾಡಿದ್ದು ಅದು," ಎಂದು ಝಿವ್ಕೊ ಬಾಗಿಲ ಬಳಿಯಿಂದ ಶುರುಮಾಡಿದ, "ನನ್ನ ಕಾರಿಗೂ..."

"ನೀನು ಕೋಟು ಒರೆಸ್ಕೋ."

ಮಿಂಕಾ ಬಿಳಿ ಮಿಠಾಯಿಗಳನ್ನು ಒಂದೊಂದಾಗಿ ತೆಗೆದು ಸಕ್ಕರೆಯ ಮೇಲೆ ಶಿಲುಬೆ ಇಡತೊಡಗಿದಳು.

"ಇಳಿಯೋದರ ಲೆಕ್ಕ ಹಾಕಿರಲಿಲ್ವಾ?"

"ಇಲ್ಲ."

"ಅವನು ಕೇಳಲಿಲ್ವಾ?"

ರಲಿತ್ಸಾ ನೋಟುಪುಸ್ತಕದ ಪೆನ್ಸಿಲ್ ಗೆರೆಯನ್ನು ನೋಡಿದಳು. ಮಿಂಕಾಳ ಕನ್ನಡಕ ಆಚೆ ಕೋಣೆಯಲ್ಲಿತ್ತು.

"ಕೇಳಿದ್ದ," ಅಂದಳು. "ನಾನು ನಕ್ಕೆ."

ಒಲೆಯಲ್ಲಿ ಸೌದೆ ಕುಸಿದ ಸದ್ದಾಯಿತು. ಮಿಂಕಾ ಶಿಲುಬೆಯ ಅಡ್ಡಗೈ ಮುಗಿಸಿದಳು. ಒಂದು ಮಿಠಾಯಿ ಓರೆಯಾಗಿತ್ತು, ಸರಿಮಾಡಿದಳು.

"ಹಾಗಾದ್ರೆ ಅವ್ನು ತಿರುಗ್ಸೋಕೆ ನೋಡ್ದ."

"ಹೂಂ."

"ನೋವಿನ ಕೈಲಿ."

"ಹೂಂ."

"ಎಷ್ಟು ಹೊತ್ತು?"

ರಲಿತ್ಸಾ ಅದನ್ನೂ ಲೆಕ್ಕ ಹಾಕಿದ್ದಳು. "ಒಂದು ಸೆಕೆಂಡು. ಒಂದೂಕಾಲು ಅನ್ನಿ."

ಮಿಂಕಾ ತಲೆಯಾಡಿಸಿದಳು. ಬೋಗುಣಿಗೆ ಮುಚ್ಚಳ ಹಾಕಿ, ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು, "ನನ್ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ," ಅಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ರಲಿತ್ಸಾಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ನಡೀರಿ. ಪಾದ್ರಿಗೆ ಇನ್ನೊಂದು ಮನೆಗೂ ಹೋಗೋದಿದೆ."

ಗೋರಿಗಳ ನಡುವೆ ಹಿಮ ಕರಗಿ ಕೆಸರಾಗಿತ್ತು. ಇಪ್ಪತ್ತು ಜನ ಬಂದಿದ್ದರು. ಪಾದ್ರಿ ಹೆಸರುಗಳನ್ನು ಓದುವಾಗ ಮಿಂಕಾ ಕತ್ತೆತ್ತಿ, ಹಂಚಿಕೆಯ ಪಟ್ಟಿಯಲ್ಲಿ ತನ್ನ ಪಾಲು ಬಂತೋ ಇಲ್ಲವೋ ನೋಡುವವಳ ಹಾಗೆ ಕಿವಿಗೊಟ್ಟು ನಿಂತಿದ್ದಳು. ಲ್ಯುಬೆನ್‌ನ ಹೆಸರು ಬಂತು. ಅವಳು ಗಟ್ಟಿಯಾಗಿ ಶಿಲುಬೆಯ ಗುರುತು ಮಾಡಿಕೊಂಡಳು. ಪಾದ್ರಿ ಗೋರಿಯ ಮೇಲೆ ಕೆಂಪು ದ್ರಾಕ್ಷಾರಸ ಸುರಿದು ಹೊರಟುಹೋದ.

ಆಮೇಲೆ ಮಿಂಕಾ ಗೋಧಿ ಹಂಚಿದಳು. ಒಬ್ಬೊಬ್ಬರ ಲೋಟಕ್ಕೂ ಎರಡೆರಡು ಚಮಚ. ಗಿನಾಳ ಮುಂದೆ ಬಂದಾಗ ಚಮಚವನ್ನು ಎತ್ತಿ ಹಿಡಿದೇ ನಿಂತಳು.

"ಗಿನಾ, ನನ್ನ ಮಗ ನಿಮಗ್ಯಾರಿಗೂ ಕೈ ಬೀಸಲಿಲ್ಲ."

"ನಾನೇನಂದೆನಕ್ಕಾ..."

"ನೀವು ಹಿಡ್ಕೊಂಡ ಕೈಯನ್ನ ಒಳಗೆ ತಗೊಳ್ಳೋಕೆ ಹೊತ್ತು ಸಿಗಲಿಲ್ಲ. ಅಷ್ಟೇ. ತಿನ್ನು, ಅವನ ಆತ್ಮಕ್ಕೆ ಶಾಂತಿ ಕೋರು."

ಗಿನಾ ತಿಂದಳು. ಮಿಂಕಾ ಝಿವ್ಕೊಗೆ ಹಾಕಿದಳು, ಕೋಟನ್ನು ಇನ್ನೊಮ್ಮೆ ನೋಡಿದಳು. ಕೊನೆಗೆ ಉಳಿದದ್ದು ರಲಿತ್ಸಾ. ಅವಳು ಲೋಟ ಮುಂದೆ ಹಿಡಿದಿದ್ದಳು. ಮಿಂಕಾ ಚಮಚವನ್ನು ಬೋಗುಣಿಯೊಳಗೆ ಬಿಟ್ಟು, ಬೋಗುಣಿಯನ್ನೇ ಅವಳ ಕೈಗೆ ಕೊಟ್ಟಳು. ತಳದಲ್ಲಿ ಒಂದು ಹಿಡಿ ಗೋಧಿ, ಒಂದು ಬಿಳಿ ಮಿಠಾಯಿ ಉಳಿದಿದ್ದವು. ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ರಲಿತ್ಸಾ ಅದನ್ನೂ ಬೋಗುಣಿಯೊಳಗೇ ಇಟ್ಟು, ಎರಡೂ ಕೈಯಲ್ಲಿ ಎದೆಗೆ ಆನಿಸಿ ಹಿಡಿದುಕೊಂಡಳು.

ಸ್ಮಶಾನದ ಗೇಟಿನ ಹೊರಗೆ ಝಿವ್ಕೊನ ಕಾರು ನಿಂತಿತ್ತು, ಮೂತಿಗೆ ದಿಬ್ಬದ ಮಣ್ಣು ಮೆತ್ತಿಕೊಂಡು. ಮಿಂಕಾ ನೇರ ಅಲ್ಲಿಗೆ ಹೋಗಿ ಓಡಿಸುವವನ ಬಾಗಿಲು ತೆಗೆದು ಕೂತಳು. ನಿಲುವಂಗಿಯ ಅಂಚು ಕೆಸರಿನಲ್ಲಿ ಎಳೆದಾಡಿತು, ಒಳಗೆ ಸೇರಿಸಿಕೊಂಡಳು.

"ಮಿಂಕಮ್ಮ, ಆ ಕಡೆ ಕೂತ್ಕೊಳ್ಳಿ, ನಾನು ಬಿಡ್ತೀನಿ ಮನೆಗೆ."

"ಚಾಲೂ ಮಾಡು."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಚಾಲೂ ಮಾಡು ಅಂದೆ."

ಝಿವ್ಕೊ ರಲಿತ್ಸಾಳನ್ನು ನೋಡಿದ. ಅವನು ಬಾಗಿಲಿನಿಂದ ಬಗ್ಗಿ, ಗೇರು ಬಿಡಿಸಿದೆಯೇ ನೋಡಿ, ಕೈಬ್ರೇಕು ಎಳೆದು, ಕೀಲಿ ತಿರುವಿದ. ಇಂಜಿನ್ ಒಮ್ಮೆ ಏರಿ, ಇಳಿದು, ಸಣ್ಣಗೆ ಉಸಿರಾಡುತ್ತ ನಿಂತಿತು. ಗೇಟಿನ ಬಳಿಯಿದ್ದ ಜನ ಈ ಕಡೆ ತಿರುಗಿದರು.

ಮಿಂಕಾ ಬಾಗಿಲು ಹಾಕಿಕೊಂಡಳು. ಕಿಟಕಿಯ ಗಾಜು ಇಳಿದೇ ಇತ್ತು. ಅವಳು ಜೀವನದಲ್ಲಿ ಕಾರು ಓಡಿಸಿದವಳಲ್ಲ. ಬಲಗೈಯನ್ನು ಸ್ಟೀರಿಂಗಿನ ಮೇಲೆ ಇಟ್ಟಳು. ಎಡಗೈಯನ್ನು ಎಲ್ಲಿಡುವುದೆಂದು ಒಂದು ಗಳಿಗೆ ಯೋಚಿಸಿದವಳಂತೆ ಕಂಡು, ಅದನ್ನು ಕಿಟಕಿಯಿಂದ ಹೊರಗೆ ಚಾಚಿದಳು. ಆಮೇಲೆ ಎಳೆದಳು.

ಬೆಲ್ಟು ಒಮ್ಮೆ ಕಿರ್ರೆಂದಿತು. ಸ್ಟೀರಿಂಗ್ ಒಂದು ಬೆರಳಗಲ ಸರಿದು ಅಲ್ಲೇ ನಿಂತಿತು. ಅವಳು ಸೊಂಟ ತಿರುಗಿಸಿ, ಕಾಲನ್ನು ನೆಲಕ್ಕೆ ಊರಿ, ಮತ್ತೆ ಎಳೆದಳು. ತಲೆಗೆ ಕಟ್ಟಿದ ಬಟ್ಟೆ ಕುತ್ತಿಗೆಗೆ ಜಾರಿತು. ಮುಖ ಕೆಂಪಾಯಿತು. ಯಾರೋ "ಸಾಕು ಬಿಡಿಸಪ್ಪಾ ಅವಳನ್ನ" ಅಂದರು. ಝಿವ್ಕೊ ಕಾಲೆತ್ತಿಡಲಿಲ್ಲ.

ರಲಿತ್ಸಾ ಕಾರಿನಿಂದ ಎರಡು ಹೆಜ್ಜೆ ದೂರದಲ್ಲಿ ಬೋಗುಣಿ ಹಿಡಿದು ನಿಂತಿದ್ದಳು. ಮಿಂಕಾ ಎಳೆಯುತ್ತಲೇ ಇದ್ದಳು. ಹೊರಗಿನ ಕೈ ಅಂಗೈ ತೆರೆದುಕೊಂಡು ಹಾಗೆಯೇ ಚಾಚಿಕೊಂಡಿತ್ತು. ಬೆರಳ ಸಂದುಗಳಲ್ಲಿ ಸಕ್ಕರೆಪುಡಿ ಇನ್ನೂ ಬೆಳ್ಳಗಿತ್ತು.